ಕಾಯುತ್ತಿದ್ದ ಟ್ಯಾಕ್ಸಿ, ಮೊಳೆ ಹೊಡೆದ ಬಾಗಿಲು: ಪೀಟರ್ ಗೇಬ್ರಿಯಲ್ ಅವರ ‘ಸೋ’, ಒಂದು ಪ್ರಕರಣ ಅಧ್ಯಯನ

1986ರ ಜುಲೈ 26ರ ಬಿಲ್‌ಬೋರ್ಡ್ ಹಾಟ್ 100 ಎಂಬ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಜೆನೆಸಿಸ್ ಬ್ಯಾಂಡಿನ ‘ಇನ್ವಿಸಿಬಲ್ ಟಚ್’ ಮೊದಲ ಸ್ಥಾನದಿಂದ ಇಳಿಯಿತು. ಆ ಜಾಗಕ್ಕೆ ಬಂದದ್ದು ‘ಸ್ಲೆಜ್‌ಹ್ಯಾಮರ್’. ಹಾಡಿದವರು ಪೀಟರ್ ಗೇಬ್ರಿಯಲ್. ಹನ್ನೊಂದು ವರ್ಷ ಹಿಂದೆ ಅದೇ ಜೆನೆಸಿಸ್‌ನ ಮುಖ್ಯ ಗಾಯಕನ ಜಾಗ ಬಿಟ್ಟು ಎದ್ದು ಬಂದವರು. ರಸಪ್ರಶ್ನೆಗೆ ಹೇಳಿ ಮಾಡಿಸಿದಂತಿರುವ ಈ ಕಾಕತಾಳೀಯವನ್ನು ಇಲ್ಲಿಗೇ ಬಿಡೋಣ. ಇಲ್ಲಿ ಬಿಡಿಸಿ ನೋಡಬೇಕಾಗಿರುವುದು ಆ ಹಾಡಿದ್ದ ಆಲ್ಬಮ್ಮನ್ನು. ಹೆಸರು ‘ಸೋ’. ಬಿಡುಗಡೆಯಾದದ್ದು 1986ರ ಮೇ 19ರಂದು.

ಸೋಲ್, ಫಂಕ್, ಪಶ್ಚಿಮ ಆಫ್ರಿಕದ ಗಾಯನ, ಬ್ರೆಜಿಲ್‌ನ ತಾಳವಾದ್ಯ, ಅಮೆರಿಕದ ಹಳ್ಳಿಹಾಡಿನ ಛಾಯೆ, ಪ್ರಾಯೋಗಿಕ ಸಂಗೀತ ಎಲ್ಲವೂ ಈ ಆಲ್ಬಮ್ಮಿನಲ್ಲಿವೆ ಎಂಬುದು ಎಲ್ಲರೂ ಬರೆಯುವ ಮಾತು. ಆದರೆ ಬೆರಕೆ ಮಾಡುವುದು ಕಷ್ಟದ ಕೆಲಸವಲ್ಲ. ಗೇಬ್ರಿಯಲ್ ಅದನ್ನು 1982ರ ಹೊತ್ತಿಗೇ ಮಾಡಿದ್ದರು, ಆಗ ಅದು ಪಾಪ್ ಆಗಿರಲಿಲ್ಲ. ‘ಸೋ’ದಲ್ಲಿ ಬದಲಾದದ್ದು ಎರಡು ಸಂಗತಿ. ಹೊರಗಿನಿಂದ ಬಂದ ಪ್ರತಿ ದನಿಗೂ ಹಾಡಿನಲ್ಲಿ ಒಂದೇ ಒಂದು ಕೆಲಸ ಕೊಟ್ಟರು. ಮೇಲಿಂದ ಹಾಕುವ ಒಗ್ಗರಣೆಯಂತೆ ಬಳಸಲಿಲ್ಲ. ಎರಡನೆಯದು, ಯಾವುದನ್ನೂ ಮುಗಿಸಲಾರದ ಕಲಾವಿದನ ಸುತ್ತ ಮುಗಿಸುವ ವ್ಯವಸ್ಥೆಯೊಂದನ್ನು ಕಟ್ಟಿದರು.

ನಾಲ್ಕು ಆಲ್ಬಮ್, ಒಂದೇ ಹೆಸರು

ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿದ ಜೆನೆಸಿಸ್, ಗೇಬ್ರಿಯಲ್ ಇದ್ದಾಗ ಉದ್ದುದ್ದ ಹಾಡುಗಳಿಗೂ ಅವರು ವೇದಿಕೆಯ ಮೇಲೆ ತೊಡುತ್ತಿದ್ದ ವಿಚಿತ್ರ ವೇಷಗಳಿಗೂ ಹೆಸರಾಗಿತ್ತು. 1975ರಲ್ಲಿ ಅವರು ಹೊರನಡೆದಾಗ ಡ್ರಮ್ಸ್ ಹಿಂದಿದ್ದ ಫಿಲ್ ಕಾಲಿನ್ಸ್ ಮೈಕಿನ ಮುಂದೆ ಬಂದರು. ಬ್ಯಾಂಡ್ ಮುಳುಗಲಿಲ್ಲ, ಇನ್ನೂ ದೊಡ್ಡದಾಯಿತು. ಒಂಟಿಯಾಗಿ ಹೊರಟ ಗಾಯಕನಿಗೆ ಇದಕ್ಕಿಂತ ಮುಜುಗರದ ಹಿನ್ನೆಲೆ ಬೇರೆ ಬೇಕೆ?

1977, 1978, 1980 ಮತ್ತು 1982ರಲ್ಲಿ ಅವರು ತಂದ ನಾಲ್ಕೂ ಆಲ್ಬಮ್‌ಗಳ ಹೆಸರು ‘ಪೀಟರ್ ಗೇಬ್ರಿಯಲ್’ ಎಂದೇ. ಪತ್ರಿಕೆಯೊಂದರ ಸಂಚಿಕೆಗಳು ಹೇಗೋ ಹಾಗೆ, ಶೀರ್ಷಿಕೆ ಒಂದೇ, ಒಳಗಿನದು ಬೇರೆ ಎಂಬುದು ಅವರ ತರ್ಕ. ಅಂಗಡಿಯಲ್ಲಿ ಕೇಳುವವರಿಗೆ, ಕೊಡುವವರಿಗೆ ಇಬ್ಬರಿಗೂ ಗೊಂದಲ. ಅಭಿಮಾನಿಗಳು ಮುಖಪುಟದ ಚಿತ್ರ ನೋಡಿ ‘ಕಾರ್’, ‘ಸ್ಕ್ರ್ಯಾಚ್’, ‘ಮೆಲ್ಟ್’ ಎಂದು ತಾವೇ ಹೆಸರಿಟ್ಟುಕೊಂಡರು. ನಾಲ್ಕನೆಯದಕ್ಕೆ ಅಮೆರಿಕದಲ್ಲಿ ಗೆಫೆನ್ ಕಂಪನಿ ‘ಸೆಕ್ಯೂರಿಟಿ’ ಎಂಬ ಹೆಸರು ಅಂಟಿಸಿಯೇ ಮಾರಿತು.

ಈ ನಾಲ್ಕರಲ್ಲಿ ಎರಡು ನಮ್ಮ ವಿಷಯಕ್ಕೆ ಬೇಕು. 1980ರ ಆಲ್ಬಮ್ಮಿನಲ್ಲಿ ಗೇಬ್ರಿಯಲ್ ಡ್ರಮ್ಮರ್‌ಗಳಿಗೆ ಒಂದು ನಿಯಮ ಹಾಕಿದ್ದರು: ಸಿಂಬಲ್ ಮುಟ್ಟಕೂಡದು. ಕಂಚಿನ ತಟ್ಟೆಯ ಝೇಂಕಾರ ಹೋದರೆ ಮೇಲಿನ ಆವರ್ತನಗಳಲ್ಲಿ ಜಾಗ ತೆರೆದುಕೊಳ್ಳುತ್ತದೆ, ಡ್ರಮ್ಮರ್‌ನ ಕೈ ಅಭ್ಯಾಸದ ದಾರಿ ಬಿಟ್ಟು ಹೊಸದನ್ನು ಹುಡುಕಬೇಕಾಗುತ್ತದೆ. ಅದೇ ಕೆಲಸದ ಸಮಯದಲ್ಲಿ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಮತ್ತು ಡ್ರಮ್ಸ್ ನುಡಿಸಲು ಬಂದಿದ್ದ ಫಿಲ್ ಕಾಲಿನ್ಸ್ ಸೇರಿ, ಕೋಣೆಯ ಗುಂಯ್‌ಗುಡುವಿಕೆಯನ್ನು ದೊಡ್ಡದು ಮಾಡಿ, ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಮುಚ್ಚಿಕೊಳ್ಳುವ ನಾಯ್ಸ್ ಗೇಟಿನಿಂದ ಥಟ್ಟನೆ ಕತ್ತರಿಸುವ ಗೇಟೆಡ್ ರಿವರ್ಬ್ ಸದ್ದನ್ನು ಹೊರತೆಗೆದರು. 80ರ ದಶಕದ ಅರ್ಧ ಪಾಪ್ ಆ ಸದ್ದಿನ ಮೇಲೆಯೇ ನಡೆಯಿತು. ಆ ಆಲ್ಬಮ್ಮನ್ನು ಅಮೆರಿಕದಲ್ಲಿ ಹೊರತರಲು ಅಟ್ಲಾಂಟಿಕ್ ಕಂಪನಿ ಒಪ್ಪಲಿಲ್ಲ ಎಂಬುದನ್ನೂ ನೆನಪಿಡಬೇಕು.

1982ರ ಆಲ್ಬಮ್ಮಿನಲ್ಲಿ ಫೇರ್‌ಲೈಟ್ ಎಂಬ ದುಬಾರಿ ಸ್ಯಾಂಪ್ಲಿಂಗ್ ಯಂತ್ರವೂ (ಯಾವುದೇ ಸದ್ದನ್ನು ಹಿಡಿದಿಟ್ಟು ಕೀಲಿಮಣೆಯಿಂದ ನುಡಿಸುವಂಥದ್ದು) ಇತ್ತು, ಘಾನಾ ಶೈಲಿಯ ಡ್ರಮ್ ಬಡಿಯುವ ಏಕೋಮೆ ತಂಡವೂ ಇತ್ತು. ಸಾಮಗ್ರಿಗೆ ಕೊರತೆಯಿರಲಿಲ್ಲ. ಆದರೂ ಅದರಲ್ಲಿನ ಅತ್ಯಂತ ಜನಪ್ರಿಯ ಹಾಡು ‘ಶಾಕ್ ದ ಮಂಕಿ’ ಅಮೆರಿಕದಲ್ಲಿ 29ನೇ ಸ್ಥಾನದಿಂದ ಮೇಲೇರಲಿಲ್ಲ. ಕೇಳಿದರೆ ಕಾರಣ ತಿಳಿಯುತ್ತದೆ: ಸದ್ದುಗಳೇ ಮುಂದೆ ನಿಂತಿವೆ, ಹಾಡುವವನ ಮುಖ ಹಿಂದೆ ಸರಿದಿದೆ.

ಅದೇ ವರ್ಷ ಅವರು ಹುಟ್ಟುಹಾಕಲು ನೆರವಾದ ವೊಮ್ಯಾಡ್ ಎಂಬ ವಿಶ್ವಸಂಗೀತ ಉತ್ಸವ ಶೆಪ್ಟನ್ ಮ್ಯಾಲೆಟ್‌ನಲ್ಲಿ ನಡೆದು ದೊಡ್ಡ ನಷ್ಟ ಮಾಡಿಕೊಂಡಿತು. ಸಾಲ ತೀರಿಸಲು ಹಳೆಯ ಜೆನೆಸಿಸ್ ಗೆಳೆಯರು ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಅವರೊಡನೆ ಒಂದು ಕಛೇರಿ ಮಾಡಿಕೊಟ್ಟರು. ಕೈ ಸುಟ್ಟರೂ ಆ ಉತ್ಸವ ಬೇರೆ ಬೇರೆ ನಾಡಿನ ಸಂಗೀತಗಾರರ ನಂಟು ಬೆಳೆಸಿತು. ಹೊರನಾಡಿನ ಸಂಗೀತವನ್ನು ಬರೀ ಯಂತ್ರದೊಳಗಿನ ಸ್ಯಾಂಪಲ್ ಆಗಿ ಬಳಸುವುದಕ್ಕೂ, ನುಡಿಸುವ ಮನುಷ್ಯನನ್ನೇ ಕರೆಸಿ ಕೂರಿಸುವುದಕ್ಕೂ ಇರುವ ವ್ಯತ್ಯಾಸ ‘ಸೋ’ದಲ್ಲಿ ಕಿವಿಗೆ ಗೊತ್ತಾಗುತ್ತದೆ.

ದನದ ಕೊಟ್ಟಿಗೆಯಲ್ಲಿ ಮೂವರು

ಬಾತ್ ನಗರದ ಹತ್ತಿರ ಸ್ವೇನ್ಸ್‌ವಿಕ್‌ನಲ್ಲಿ ಗೇಬ್ರಿಯಲ್ ಬಾಡಿಗೆಗಿದ್ದ ಆ್ಯಶ್‌ಕಂಬ್ ಹೌಸ್ ಎಂಬ ಮನೆಯ ದನದ ಕೊಟ್ಟಿಗೆಯೇ ಸ್ಟುಡಿಯೊ. ಸಹ ನಿರ್ಮಾಪಕರಾಗಿ ಬಂದವರು ಕೆನಡಾದ ಡೇನಿಯಲ್ ಲನ್ವಾ. ಅದಕ್ಕೆ ಮುಂಚೆ ‘ಬರ್ಡಿ’ ಚಿತ್ರದ ಹಿನ್ನೆಲೆ ಸಂಗೀತಕ್ಕೆ ಇಬ್ಬರೂ ಒಟ್ಟಿಗೆ ದುಡಿದಿದ್ದರು. ಮೂರನೆಯವರು ಗಿಟಾರ್ ವಾದಕ ಡೇವಿಡ್ ರೋಡ್ಸ್. 1985ರಲ್ಲಿ ತಿಂಗಳುಗಟ್ಟಲೆ ಈ ಮೂವರೇ ಕೂತು ಹಾಡುಗಳ ಅಸ್ತಿಭಾರ ಹಾಕಿದರು. ಕಟ್ಟಡದ ಕೂಲಿಗಳಂತೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೆಲಸ ಶುರು ಮಾಡುತ್ತಿದ್ದರಂತೆ. ತಮಾಷೆಗೆ ಮಾಡಿದ್ದೇ ಇರಬಹುದು, ಆದರೆ ಇವತ್ತು ಇಷ್ಟು ಕೆಲಸ ಆಗಬೇಕು ಎಂಬ ಮನಸ್ಥಿತಿ ಅದರಲ್ಲಿದೆ.

ಕೆಲಸದ ಕ್ರಮ ಹೀಗಿತ್ತು. ಗೇಬ್ರಿಯಲ್ ಡ್ರಮ್ ಮಷೀನಿನಲ್ಲಿ ಒಂದು ಲಯ ಹಾಕುತ್ತಾರೆ, ಮೇಲೆ ಪಿಯಾನೊ ಅಥವಾ ಪ್ರಾಫೆಟ್-5 ಸಿಂಥಸೈಜರಿನಲ್ಲಿ ಸ್ವರಗಳ ಚೌಕಟ್ಟು ಇಡುತ್ತಾರೆ. ರೋಡ್ಸ್ ಮತ್ತು ಲನ್ವಾ ಗಿಟಾರ್ ಹಿಡಿದು ಸೇರಿಕೊಳ್ಳುತ್ತಾರೆ. ಹಾಡಿಗೆ ಒಂದು ಆಕಾರ ಬಂದ ಮೇಲೆಯೇ ಬೇಸ್‌ಗೆ ಟೋನಿ ಲೆವಿನ್, ಡ್ರಮ್ಸ್‌ಗೆ ಮನು ಕಾಚೆ ಅಥವಾ ಜೆರಿ ಮರೋಟಾ ಬರುತ್ತಾರೆ. ಇದ್ದದ್ದು 24 ಟ್ರ್ಯಾಕಿನ ಎರಡು ಅನಲಾಗ್ ಟೇಪ್ ಯಂತ್ರ. ಅದುವರೆಗೆ ಕಟ್ಟಿದ ಹಾಡು ಒಂದರಿಂದ ಕೇಳಿಬರುತ್ತದೆ. ಅದಕ್ಕೆ ಜೊತೆಯಾಗಿ ವಾದಕರು ನುಡಿಸಿದ್ದು ಇನ್ನೊಂದರಲ್ಲಿ ದಾಖಲಾಗುತ್ತದೆ. ಆಮೇಲೆ ಎರಡನ್ನೂ ತಾಳೆ ನೋಡಿ ಉಳಿಸಬೇಕಾದ್ದನ್ನು ಉಳಿಸುವುದು.

ಇದರ ಲಾಭ ಏನೆಂದರೆ, ಯಂತ್ರದ ಲಯ ಕೊನೆಯವರೆಗೂ ಹಾಡಿನಲ್ಲಿ ಉಳಿಯಬಹುದು ಅಥವಾ ಮನುಷ್ಯರು ನುಡಿಸಿದ್ದು ಅದರ ಜಾಗಕ್ಕೆ ಬರಬಹುದು. ಯಾವುದನ್ನೂ ಮೊದಲೇ ತೀರ್ಮಾನಿಸಬೇಕಿಲ್ಲ. ತೊಂದರೆಯೂ ಅಲ್ಲೇ ಇದೆ. ಯಾವುದನ್ನೂ ತೀರ್ಮಾನಿಸಬೇಕಿಲ್ಲ ಎಂದರೆ ಗೇಬ್ರಿಯಲ್‌ರಂಥವರು ತೀರ್ಮಾನಿಸುವುದೇ ಇಲ್ಲ. ಅಲ್ಲದೆ ಅನಲಾಗ್ ಟೇಪಿನಿಂದ ಟೇಪಿಗೆ ನಕಲು ಮಾಡಿದಂತೆಲ್ಲ ಹಿಸ್ ಏರುತ್ತದೆ, ಮೊನಚು ಮಂಕಾಗುತ್ತದೆ. ಆಯ್ಕೆಗಳನ್ನು ಹೀಗೆ ರಾಶಿ ಹಾಕುವವರು ಇವತ್ತಿನ ಕಂಪ್ಯೂಟರ್ ಸ್ಟುಡಿಯೊಗಳಲ್ಲಿ ಸದ್ದು ಕೆಡದೆಯೂ ಅದೇ ಹಳ್ಳಕ್ಕೆ ಬೀಳುತ್ತಾರೆ: ನೂರು ಟ್ರ್ಯಾಕ್ ಇರುತ್ತದೆ, ಹಾಡು ಇರುವುದಿಲ್ಲ.

ಸಾಹಿತ್ಯದ ಕಥೆ ಇನ್ನೂ ಕಷ್ಟದ್ದು. ಗೇಬ್ರಿಯಲ್ ಮೊದಲು ಅರ್ಥವಿಲ್ಲದ ಶಬ್ದಗಳಲ್ಲೇ ಧಾಟಿ ಹಾಡುತ್ತಾರೆ. ಸ್ವರದ ಏರಿಳಿತ, ಎಲ್ಲಿ ‘ಆ’ಕಾರ ಬಾಯಿ ತೆರೆಯಬೇಕು, ಎಲ್ಲಿ ವ್ಯಂಜನ ತಾಳಕ್ಕೆ ಬಡಿಯಬೇಕು ಎಂಬುದು ಆ ಗೊಣಗಾಟದಲ್ಲೇ ನಿಶ್ಚಯವಾಗುತ್ತದೆ. ಧಾಟಿ ಬಾಯಿಗೆ ಒಗ್ಗಿಕೊಂಡು ಹುಟ್ಟುತ್ತದೆ ಎಂಬುದು ಈ ವಿಧಾನದ ಗೆಲುವು. ಆದರೆ ಅರ್ಥವುಳ್ಳ ಮಾತನ್ನು ಆಮೇಲೆ ಆ ಅಚ್ಚಿಗೆ ತುಂಬಬೇಕಲ್ಲ, ಅದು ತಿಂಗಳುಗಟ್ಟಲೆ ಎಳೆಯುತ್ತದೆ. ಸಾಹಿತ್ಯ ಮುಗಿಯುವವರೆಗೆ ಹೊರಬರದಂತೆ ಗೇಬ್ರಿಯಲ್‌ರನ್ನು ಒಳಗೆ ಬಿಟ್ಟು ಲನ್ವಾ ಬಾಗಿಲಿಗೆ ಮೊಳೆ ಹೊಡೆದ ಪ್ರಸಂಗ ಈ ಆಲ್ಬಮ್ಮಿನ ಬಗ್ಗೆ ಬಹಳ ಸಲ ಹೇಳಲಾಗಿರುವುದು. ಕೇಳಿದವರು ನಗುತ್ತಾರೆ. ಲನ್ವಾ ಹೊಡೆದ ಆ ಮೊಳೆ ಈ ಆಲ್ಬಮ್ಮಿಗೆ ಫೇರ್‌ಲೈಟ್ ಯಂತ್ರಕ್ಕಿಂತ ಹೆಚ್ಚು ಉಪಕಾರ ಮಾಡಿದೆ ಎನ್ನುವುದು ನಮ್ಮ ಎಣಿಕೆ.

‘ಸ್ಲೆಜ್‌ಹ್ಯಾಮರ್’: ಹೊರಡುವ ಹೊತ್ತಿನ ಹಾಡು

ಆಲ್ಬಮ್ಮಿಗೆ ಹೆಸರು ತಂದ ಹಾಡು ಅದರ ಯೋಜನೆಯಲ್ಲೇ ಇರಲಿಲ್ಲ. ರೆಕಾರ್ಡಿಂಗ್ ಮುಗಿದು ವಾದಕರು ಸಾಮಾನು ಕಟ್ಟುತ್ತಿದ್ದಾಗ, ಮುಂದಿನ ಆಲ್ಬಮ್ಮಿಗೆಂದು ಇಟ್ಟುಕೊಂಡಿದ್ದ ಒಂದು ಧಾಟಿಯನ್ನು ಸುಮ್ಮನೆ ನುಡಿಸಿ ನೋಡೋಣ ಎಂದು ಗೇಬ್ರಿಯಲ್ ಕೇಳಿದರು. ಮನು ಕಾಚೆಗೆ ಟ್ಯಾಕ್ಸಿ ಕಾಯುತ್ತಿತ್ತು. ಯೋಚನೆಗೆ ಸಮಯವಿಲ್ಲದ್ದರಿಂದ ತಲೆ ಕೆಡಿಸಿಕೊಳ್ಳದೆ ನುಡಿಸಿದರು, ಅದೇ ನಿಂತಿತು. ತಿಂಗಳುಗಟ್ಟಲೆ ತಿದ್ದಿದ ಹಾಡುಗಳ ಪಕ್ಕದಲ್ಲಿ ಇದರ ನಡಿಗೆ ಅಷ್ಟೊಂದು ಸಲೀಸಾಗಿರುವುದಕ್ಕೆ ಬೇರೆ ವಿವರಣೆ ಹುಡುಕಬೇಕಿಲ್ಲ.

ಹಾಡಿನ ಪದರಗಳನ್ನು ಒಂದೊಂದಾಗಿ ಬಿಚ್ಚಿದರೆ ‘ಒಂದು ದನಿಗೆ ಒಂದು ಕೆಲಸ’ ಎಂಬ ಮಾತು ಸ್ಪಷ್ಟವಾಗುತ್ತದೆ. ಆರಂಭದಲ್ಲಿ ಕೇಳುವ ಕೊಳಲು ಜಪಾನಿನ ಶಕುಹಾಚಿ. ಊದಿದವರು ಯಾರೂ ಸ್ಟುಡಿಯೊದಲ್ಲಿ ಇರಲಿಲ್ಲ. ಅದು ಇಮ್ಯುಲೇಟರ್-2 ಎಂಬ ಸ್ಯಾಂಪ್ಲಿಂಗ್ ಯಂತ್ರದ ಜೊತೆ ಕಂಪನಿಯೇ ಕೊಡುತ್ತಿದ್ದ ಡಿಸ್ಕಿನ ಸ್ಯಾಂಪಲ್. ಆ ಯಂತ್ರ 8 ಬಿಟ್‌ನದು, ಸೆಕೆಂಡಿಗೆ ಸುಮಾರು 27,000 ಬಾರಿ ಸದ್ದಿನ ಅಳತೆ ತೆಗೆಯುವಂಥದ್ದು. ಆದ್ದರಿಂದ 13 ಕಿಲೋಹರ್ಟ್ಸ್ ಮೇಲಿನದು ಅದರಲ್ಲಿ ಉಳಿಯುವುದೇ ಇಲ್ಲ, ಉಸಿರಿನ ಸದ್ದು ಸ್ವಲ್ಪ ಒರಟಾಗಿ ಬರುತ್ತದೆ. ಈ ದೋಷವೇ ಇಲ್ಲಿ ಗುಣವಾಗಿದೆ: ದೂರದಿಂದ ಬಂದ, ಯಾವ ಊರಿನದೆಂದು ಹೇಳಲಾಗದ ದನಿ. ಅದರ ಕೆಲಸ ಪರದೆ ಎತ್ತುವುದು. ಎತ್ತಿದ ಮೇಲೆ ಅದು ಪಕ್ಕಕ್ಕೆ ಸರಿಯುತ್ತದೆ.

ಪರದೆ ಎದ್ದ ಕೂಡಲೇ ಹೊಡೆಯುವುದು ಹಿತ್ತಾಳೆ ವಾದ್ಯಗಳು. ಹದಿಹರೆಯದಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಕಛೇರಿ ಕೇಳಿದ್ದು ಗೇಬ್ರಿಯಲ್‌ರ ಮನಸ್ಸಿನಿಂದ ಹೋಗಿರಲಿಲ್ಲ. ಹಾಗಾಗಿ ರೆಡ್ಡಿಂಗ್ ಜೊತೆ ನುಡಿಸಿದ್ದ ಟ್ರಂಪೆಟ್ ವಾದಕ ವೇಯ್ನ್ ಜ್ಯಾಕ್ಸನ್ ಅವರನ್ನೇ ಹುಡುಕಿ ಕರೆಸಿದರು. ಇಲ್ಲಿ ನುಡಿಸಿದ್ದು ಮೆಂಫಿಸ್ ಹಾರ್ನ್ಸ್ ತಂಡ ಎಂದು ಬಹಳ ಕಡೆ ಬರೆಯುತ್ತಾರೆ. ನಿಜವಾಗಿ ಆ ತಂಡದವರು ಜ್ಯಾಕ್ಸನ್ ಒಬ್ಬರೇ. ಸ್ಯಾಕ್ಸೊಫೋನ್ ಮಾರ್ಕ್ ರಿವೆರಾ ಅವರದು, ಟ್ರಾಂಬೋನ್ ಡಾನ್ ಮಿಕೆಲ್ಸನ್ ಅವರದು. ಮೂರೇ ಜನ, ಮೂವತ್ತು ಜನರ ಸದ್ದು. ಹಾಡು ಓಡುವುದು ನಿಮಿಷಕ್ಕೆ ಸುಮಾರು 96 ಬಡಿತದಲ್ಲಿ. ನೃತ್ಯದ ಹಾಡಿಗೆ ಇದು ನಿಧಾನವೇ. ಆ ನಿಧಾನದಿಂದಾಗಿ ಹಿತ್ತಾಳೆಯ ಒಂದೊಂದು ಹೊಡೆತಕ್ಕೂ ಮೊದಲು ಗಾಳಿಯಾಡುವಷ್ಟು ಜಾಗ ಸಿಕ್ಕಿದೆ.

ಬೇಸ್ ಹೆಚ್ಚು ಜನ ಅನುಕರಿಸಲು ಹೋಗಿ ಸೋಲುವ ಭಾಗ. ಟೋನಿ ಲೆವಿನ್ ಬಳಸಿದ್ದು ಫ್ರೆಟ್ (ಸ್ವರಸ್ಥಾನ ಗುರುತಿಸುವ ಲೋಹದ ಪಟ್ಟಿ) ಇಲ್ಲದ ಮ್ಯೂಸಿಕ್ ಮ್ಯಾನ್ ಬೇಸ್ ಗಿಟಾರ್. ಅದನ್ನು ಬೆರಳಿನಿಂದಲ್ಲ, ಪ್ಲೆಕ್ಟ್ರಮ್ ಎಂಬ ಮೀಟುಬಿಲ್ಲೆಯಿಂದ ಮೀಟಿ, ಆಕ್ಟೇವ್ ಪೆಡಲ್ ಮೂಲಕ ಹಾಯಿಸಿದ್ದಾರೆ. ಪೆಡಲ್ ನುಡಿಸಿದ ಸ್ವರದ ಆವರ್ತನವನ್ನು ಅರ್ಧಕ್ಕಿಳಿಸಿ ಒಂದು ಸ್ಥಾಯಿ ಕೆಳಗಿನ ನೆರಳನ್ನು ಸೇರಿಸುತ್ತದೆ. ಮೊನಚು ಬರುವುದು ಪ್ಲೆಕ್ಟ್ರಮ್‌ನಿಂದ, ಹೊಟ್ಟೆಗೆ ತಾಗುವ ಭಾರ ಪೆಡಲಿನಿಂದ, ಸ್ವರದಿಂದ ಸ್ವರಕ್ಕೆ ಜಾರುವ ನುಣುಪು ಫ್ರೆಟ್ ಇಲ್ಲದ ಹಲಗೆಯಿಂದ. ಎಡವಟ್ಟಾಗುವುದು ಎಲ್ಲಿ? ಆ ಕಾಲದ ಅನಲಾಗ್ ಆಕ್ಟೇವ್ ಪೆಡಲ್ ಒಂದು ಸಲಕ್ಕೆ ಒಂದೇ ಸ್ವರ ಹಿಡಿಯಬಲ್ಲದು. ಎರಡು ತಂತಿ ಒಟ್ಟಿಗೆ ಮಿಡಿದರೆ, ಅಥವಾ ಹಿಂದಿನ ತಂತಿಯನ್ನು ಎಡಗೈಯಿಂದ ಸರಿಯಾಗಿ ತಡೆಯದಿದ್ದರೆ ಅದು ತೊದಲುತ್ತದೆ. ಅತಿ ಮಂದ್ರದಲ್ಲೂ ದಾರಿ ತಪ್ಪುತ್ತದೆ. ಪೆಡಲ್ ಕೊಂಡರೆ ಆ ಸದ್ದು ಬರುವುದಿಲ್ಲ, ತಂತಿ ತಡೆಯುವ ಶಿಸ್ತು ಇದ್ದರೆ ಬರುತ್ತದೆ. ಪೆಡಲಿಗೆ ಹೋಗುವ ಮೊದಲೇ ವಾದ್ಯದ ಟೋನ್ ಗುಬುಟನ್ನು ಇಳಿಸಿದರೆ ಮೇಲಿನ ಸ್ವರಾಂಶಗಳು ಕಡಿಮೆಯಾಗಿ ಅದಕ್ಕೆ ಮೂಲ ಸ್ವರ ಗುರುತಿಸುವುದು ಸುಲಭವಾಗುತ್ತದೆ.

ಹೊರಗಿನಿಂದ ಬಂದವರ ಕೆಲಸ

‘ಡೋಂಟ್ ಗಿವ್ ಅಪ್’ನ ಹಿಂದೆ ಡೊರೊಥಿಯಾ ಲ್ಯಾಂಗ್ 1930ರ ದಶಕದ ಅಮೆರಿಕದ ಬಡವರನ್ನು ಸೆರೆಹಿಡಿದ ಛಾಯಾಚಿತ್ರಗಳಿವೆ, ಎದುರಿಗೆ ಥ್ಯಾಚರ್ ಕಾಲದ ಬ್ರಿಟನ್ ಇದೆ. ಅಲ್ಲಿ ಆಗ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಕೆಲಸ ಕಳೆದುಕೊಂಡ ಗಂಡಸಿನ ಚರಣಗಳು ಗೇಬ್ರಿಯಲ್‌ರವು, ಸಮಾಧಾನ ಹೇಳುವ ಹೆಂಗಸಿನ ಪಲ್ಲವಿ ಇಂಗ್ಲಿಷ್ ಗಾಯಕಿ ಕೇಟ್ ಬುಷ್ ಅವರದು. ಮೊದಲು ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಅವರನ್ನು ಕೇಳಿದ್ದಾಗಿ, ಅವರು ಒಪ್ಪದಿದ್ದದ್ದರಿಂದ ಹಾಡು ಬುಷ್ ಕೈಗೆ ಬಂದದ್ದಾಗಿ ಗೇಬ್ರಿಯಲ್ ಹೇಳಿದ್ದಾರೆ. ಪಾರ್ಟನ್ ಹಾಡಿದ್ದರೆ ಕಂಟ್ರಿಯ ಬಣ್ಣ ಹೊರಗೇ ಕಾಣುತ್ತಿತ್ತು. ಬುಷ್ ಹಾಡಿದ್ದರಿಂದ ಅದು ರಿಚರ್ಡ್ ಟೀ ಅವರ ಚರ್ಚಿನ ಘಮಲಿರುವ ಪಿಯಾನೊದೊಳಗೆ ಅಡಗಿ ಕೂತಿತು.

ಈ ಹಾಡಿನ ತಳಹದಿ ಡ್ರಮ್ ಮಷೀನಿನ ಟಾಮ್ ಎಂಬ ಡ್ರಮ್ ಸದ್ದುಗಳಲ್ಲಿ ಗೇಬ್ರಿಯಲ್ ಹಾಕಿದ ಒಂದು ಲಯ. ಲೆವಿನ್‌ರ ಬೇಸ್ ಅದನ್ನು ಬಳ್ಳಿಯಂತೆ ಸುತ್ತಿಕೊಂಡಿದೆ. ಉತ್ತರಾರ್ಧದಲ್ಲಿ ಬೇಸಿನ ಸದ್ದು ಮೊಟಕಾಗಬೇಕಾಯಿತು. ಲೆವಿನ್ ತಮ್ಮ ಕೂಸಿನ ಡೈಪರನ್ನು ಬ್ರಿಜ್ (ತಂತಿಗಳು ಕೂರುವ ಕುದುರೆ) ಬಳಿ ತಂತಿಗಳ ಅಡಿ ತುರುಕಿದರು. ತಂತಿಯ ತುದಿಗೆ ಮೆತ್ತನೆಯ ವಸ್ತು ತಾಗಿದರೆ ಮೇಲಿನ ಸ್ವರಾಂಶಗಳು ಮೊದಲು ಸಾಯುತ್ತವೆ, ಅನುರಣನ ಬೇಗ ಕರಗುತ್ತದೆ, ಉಳಿಯುವುದು ‘ಧುಪ್’ ಎಂಬ ಗುಂಡಗಿನ ಬಡಿತ. ಸ್ಪಂಜಿನ ತುಂಡಿನಿಂದಲೂ ಇದೇ ಕೆಲಸ ಆಗುತ್ತದೆ. ಒತ್ತಡ ಹೆಚ್ಚಾದರೆ ಮಾತ್ರ ಶ್ರುತಿ ಅಲ್ಲಾಡುತ್ತದೆ.

‘ಬಿಗ್ ಟೈಮ್’ನಲ್ಲಿ ಲೆವಿನ್ ಎಡಗೈಯಿಂದ ಸ್ವರ ಒತ್ತಿದರೆ, ಜೆರಿ ಮರೋಟಾ ಡ್ರಮ್ ಕೋಲಿನಿಂದ ತಂತಿಗೆ ಬಡಿದರು. ಒಬ್ಬ ವಾದಕನ ಎರಡು ಕೈಗಳ ಕೆಲಸ ಇಬ್ಬರ ನಡುವೆ ಹಂಚಿಕೆಯಾಯಿತು. ಕಛೇರಿಯಲ್ಲಿ ಒಬ್ಬರೇ ಇದನ್ನು ಹೇಗೆ ನುಡಿಸುವುದು? ಕೋಲಿನ ತುಂಡುಗಳನ್ನು ಬೆರಳಿಗೇ ಕಟ್ಟಿಕೊಳ್ಳಬಾರದೇಕೆ ಎಂದು ಗೇಬ್ರಿಯಲ್ ಕೇಳಿದ್ದರಿಂದ ‘ಫಂಕ್ ಫಿಂಗರ್ಸ್’ ಎಂಬ ಹೊಸ ಉಪಕರಣವೇ ಹುಟ್ಟಿತು. ಡ್ರಮ್ಸ್ ಇಲ್ಲಿ ಪೊಲೀಸ್ ಬ್ಯಾಂಡಿನ ಸ್ಟುವರ್ಟ್ ಕೋಪ್‌ಲ್ಯಾಂಡ್ ಅವರದು. ‘ರೆಡ್ ರೇನ್’ಗೂ ಅವರನ್ನು ಕರೆಸಿದ್ದರು. ಆದರೆ ಅಲ್ಲಿ ಅವರ ಪಾಲಿಗೆ ಬಂದದ್ದು ಬರೀ ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್! ಮಳೆ ಹನಿಯುವಂಥ ಆ ಕಿಟಿಕಿಟಿ ಬೇರೆ ಯಾರ ಕೈಯಿಂದಲೂ ಹೊರಡುತ್ತಿರಲಿಲ್ಲ. 1980ರಲ್ಲಿ ಕಂಚನ್ನು ಬಹಿಷ್ಕರಿಸಿದ್ದ ಮನುಷ್ಯ ಆರು ವರ್ಷದ ಮೇಲೆ ಕಂಚಿಗಾಗಿಯೇ ಒಬ್ಬ ವಾದಕನನ್ನು ಕರೆಸಿಕೊಂಡಿದ್ದು ನೋಡಿ. ಬಹಿಷ್ಕಾರದಿಂದ ಕಲಿತದ್ದು ಇದನ್ನೇ: ಸದ್ದು ಇರಲಿ, ಆದರೆ ಕೇಳಿ ಪಡೆದ ಸದ್ದಾಗಿರಲಿ.

‘ಮರ್ಸಿ ಸ್ಟ್ರೀಟ್’ ಅಮೆರಿಕದ ಕವಿ ಆ್ಯನ್ ಸೆಕ್ಸ್‌ಟನ್ ಅವರ ಬರಹದಿಂದ ಹುಟ್ಟಿದ್ದು. ತಾಳವಾದ್ಯಗಳನ್ನು ರಿಯೊ ಡಿ ಜನೈರೊದಲ್ಲಿ ಜಾಲ್ಮಾ ಕೊರೆಯಾ ನುಡಿಸಿದ್ದರು. ಆ ಟೇಪನ್ನು ಶೇಕಡಾ 10ರಷ್ಟು ನಿಧಾನವಾಗಿ ಓಡಿಸಿದಾಗ ಹಾಡಿಗೆ ಬೇಕಾದ ಮಬ್ಬು ಸಿಕ್ಕಿತು. ಟೇಪಿನ ವೇಗ ಇಳಿದರೆ ಗತಿಯ ಜೊತೆ ಶ್ರುತಿಯೂ ಇಳಿಯುತ್ತದೆ. 10 ಪ್ರತಿಶತಕ್ಕೆ ಇಳಿತ ಸುಮಾರು 1.8 ಅರ್ಧಸ್ವರ, ಅಂದರೆ ಎರಡು ಮನೆಗೆ ಸ್ವಲ್ಪ ಕಡಿಮೆ. ಚರ್ಮವಾದ್ಯಕ್ಕೆ ಖಚಿತ ಶ್ರುತಿಯ ಹಂಗು ಕಡಿಮೆಯಾದ್ದರಿಂದ ಇದು ನಡೆಯುತ್ತದೆ, ವಾದ್ಯ ಮಾತ್ರ ದೊಡ್ಡದಾದಂತೆ ಕೇಳುತ್ತದೆ. ಇವತ್ತಿನ ತಂತ್ರಾಂಶದಲ್ಲಿ ‘ಟೈಮ್ ಸ್ಟ್ರೆಚ್’ ಒತ್ತಿದರೆ ಈ ಫಲ ಬರುವುದಿಲ್ಲ. ಅದು ಶ್ರುತಿಯನ್ನು ಇದ್ದಲ್ಲೇ ಹಿಡಿದು ಗತಿಯನ್ನಷ್ಟೇ ಎಳೆಯುತ್ತದೆ, ಬಡಿತದ ಮೊನೆ ಕಲಸಿಹೋಗುತ್ತದೆ. ಬೇಕಾದ್ದು ವೇಗ ಮತ್ತು ಶ್ರುತಿ ಒಟ್ಟಿಗೆ ಇಳಿಯುವ ವ್ಯಾರಿಸ್ಪೀಡ್. ಗೇಬ್ರಿಯಲ್ ತಮ್ಮ ದನಿಯನ್ನೂ ಎರಡು ಪದರವಾಗಿ, ಒಂದು ಸ್ಥಾಯಿ ಕೆಳಗೆ ನೆರಳಿನಂತೆ ಇನ್ನೊಂದನ್ನು ಹಾಡಿ ಸೇರಿಸಿದ್ದಾರೆ. ಇಡೀ ಆಲ್ಬಮ್ಮಿನಲ್ಲಿ ಅತ್ಯಂತ ಕಡಿಮೆ ಸದ್ದಿನ ಹಾಡು ಇದು, ಬೆರಕೆ ಅತ್ಯಂತ ಆಳಕ್ಕಿಳಿದಿರುವುದೂ ಇಲ್ಲೇ. ಬ್ರೆಜಿಲ್ ಎಲ್ಲಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸಲಾಗುವುದಿಲ್ಲ.

‘ಇನ್ ಯುವರ್ ಐಸ್’ನ ಕೊನೆಯಲ್ಲಿ ಸೆನೆಗಲ್‌ನ ಯುಸ್ಸು ಎನ್‌ಡೂರ್ ವೊಲೊಫ್ ಭಾಷೆಯಲ್ಲಿ ಹಾಡುತ್ತಾರೆ. ಪಲ್ಲವಿ ಎಲ್ಲಿ ಏರಲಾರದೆ ನಿಲ್ಲುತ್ತದೋ ಅಲ್ಲಿಂದ ಆ ದನಿ ಮೇಲೇಳುತ್ತದೆ. ಕೆಳಗೆ ಮನು ಕಾಚೆಯ ಟಾಕಿಂಗ್ ಡ್ರಮ್ ಇದೆ, ಹಳೆಯ ಡೂ-ವಾಪ್ ಎಂಬ ಅಮೆರಿಕದ ಗುಂಪುಗಾಯನ ಶೈಲಿಯ ರಾನಿ ಬ್ರೈಟ್ ಅವರ ಮಂದ್ರ ಕಂಠವಿದೆ. ಪ್ರೇಯಸಿಗೆ ಹಾಡಿದ್ದೋ ದೇವರಿಗೋ ಎಂಬುದು ಬೇರೆಯಾಗದಂಥ ಪ್ರೇಮಗೀತೆಗಳು ಆಫ್ರಿಕದಲ್ಲಿವೆ, ಅದೇ ತಮಗೆ ಪ್ರೇರಣೆ ಎಂದು ಗೇಬ್ರಿಯಲ್ ಹೇಳಿದ್ದಾರೆ. ಅಕ್ಕನ ವಚನಗಳನ್ನು ಓದಿದ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹಾಡುವವರಿಗೆ ಮಾತು ಸಾಲದೆ ಹೋದ ಕ್ಷಣದಲ್ಲಿ ಕೇಳುವವರಿಗೆ ತಿಳಿಯದ ಭಾಷೆಯನ್ನು ತಂದದ್ದು ಜಾಣತನ. ಅರ್ಥ ತಿಳಿಯದಿರುವುದೇ ಅಲ್ಲಿನ ಅರ್ಥ.

ತಟ್ಟೆಯ ಲೆಕ್ಕ

ಈ ಹಾಡು ಆಲ್ಬಮ್ಮಿನ ಕೊನೆಗೆ ಬರಬೇಕೆಂದು ಗೇಬ್ರಿಯಲ್ ಬಯಸಿದ್ದರು. 1986ರ ಎಲ್‌ಪಿ ತಟ್ಟೆಯಲ್ಲಿ ಅದು ಬಂದದ್ದು ಎರಡನೇ ಬದಿಯ ಆರಂಭಕ್ಕೆ. ಅಡ್ಡ ಬಂದದ್ದು ಬೇಸ್. ಕೆಳಸ್ಥಾಯಿಯ ಸದ್ದು ಜೋರಾದಷ್ಟೂ ತಟ್ಟೆಯ ಗೀರು ಅತ್ತಿತ್ತ ಅಗಲವಾಗಿ ಓಲಾಡುತ್ತದೆ, ಪಕ್ಕದ ಗೀರಿಗೆ ತಾಗದಂತೆ ಅಂತರ ಬಿಡಬೇಕಾಗುತ್ತದೆ. ಜೊತೆಗೆ ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾಯುತ್ತದೆ, ಒಳ ತುದಿಯಲ್ಲಿ ಬರೀ 21. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಹಾಗಾಗಿ ಭಾರದ ಹಾಡು ಹೊರಗೆ, ಹಗುರದ್ದು ಒಳಗೆ. ಮೊದಲ ಬದಿ ಸುಮಾರು 22 ನಿಮಿಷ, ಎರಡನೆಯದು 20ರ ಹತ್ತಿರ ಇದ್ದದ್ದರಿಂದ ಎಳೆದಾಡಲು ಅವಕಾಶವೂ ಕಡಿಮೆ.

ಲಾರಿ ಆ್ಯಂಡರ್ಸನ್ ಜೊತೆಗಿನ ‘ದಿಸ್ ಈಸ್ ದ ಪಿಕ್ಚರ್’ ಎಲ್‌ಪಿಯಲ್ಲಿ ಇರಲೇ ಇಲ್ಲ. ಕ್ಯಾಸೆಟ್ ಮತ್ತು ಸಿಡಿಯಲ್ಲಿ ಕೊನೆಗೆ ಸೇರಿತು. 2002ರ ಮರುಬಿಡುಗಡೆಯಲ್ಲಿ ಗೀರಿನ ಹಂಗು ಇರಲಿಲ್ಲ, ‘ಇನ್ ಯುವರ್ ಐಸ್’ ಕಡೆಗೆ ಹೋಯಿತು. ಇವತ್ತು ಎರಡೂ ಕ್ರಮಗಳು ಚಲಾವಣೆಯಲ್ಲಿವೆ. ಆಲ್ಬಮ್ ಮೊದಲ ಸಲ ಕೇಳುವವರು 2002ರದ್ದನ್ನು ಕೇಳುವುದು ಒಳ್ಳೆಯದು. ಹಳೆಯ ಕ್ರಮದ ಎಲ್‌ಪಿ ‘ವಿ ಡು ವಾಟ್ ವಿ ಆರ್ ಟೋಲ್ಡ್’ ಮೇಲೆ ಮುಗಿಯುತ್ತದೆ. ಆಜ್ಞೆ ಬಂದರೆ ಜನ ಇನ್ನೊಬ್ಬರಿಗೆ ವಿದ್ಯುತ್ ಆಘಾತ ಕೊಡುತ್ತಾರೆಯೇ ಎಂದು ನೋಡಿದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿಧೇಯತೆಯ ಪ್ರಯೋಗಗಳ ಒಂದು ಆವೃತ್ತಿಯಲ್ಲಿ 40 ಮಂದಿಯಲ್ಲಿ 37 ಮಂದಿ ಕೊನೆಯವರೆಗೂ ಮುಂದುವರಿದರು ಎಂಬುದನ್ನು ನೆನಪಿಸುವ ಹಾಡು ಅದು. ಎಲ್. ಶಂಕರ್ ಅವರ ಪಿಟೀಲು ಈ ಆಲ್ಬಮ್ಮಿನಲ್ಲಿದೆ ಎಂದು ಕೇಳಿ ಸಂಗೀತಪ್ರಿಯರು ಹುಡುಕುತ್ತಾರೆ. ಅಂಥ ಕರ್ನಾಟಕ ಸಂಗೀತದ ಕೈ ಸಿಕ್ಕಿಯೂ ಅದಕ್ಕೆ ಇಲ್ಲಿ ಹೇಳಿಕೊಳ್ಳುವಂಥ ಕೆಲಸ ಸಿಕ್ಕಿಲ್ಲ.

ಮುಖ, ಹೆಸರು, ಕೋಳಿ

ಹಿಂದಿನ ಮುಖಪುಟಗಳಲ್ಲಿ ಗೇಬ್ರಿಯಲ್‌ರ ಮುಖ ಕರಗಿತ್ತು, ಗೀರಿತ್ತು, ಮಸುಕಾಗಿತ್ತು. ಈ ಸಲ ಟ್ರೆವರ್ ಕೀ ತೆಗೆದ ನೇರ ಭಾವಚಿತ್ರ, ಪೀಟರ್ ಸ್ಯಾವಿಲ್ ವಿನ್ಯಾಸ. ಹೆಸರು ಬೇಕೇ ಬೇಕೆಂದಾಗ ಆರಿಸಿದ್ದು ಹೆಚ್ಚೇನೂ ಅರ್ಥವಿಲ್ಲದ ಒಂದು ಪದ. ಇಂಗ್ಲಿಷಿನಲ್ಲಿ ಎರಡಕ್ಷರ, ಕನ್ನಡದಲ್ಲಿ ಬರೆದರೆ ಒಂದೇ.

‘ಸ್ಲೆಜ್‌ಹ್ಯಾಮರ್’ ವಿಡಿಯೊವನ್ನು ಸ್ಟೀಫನ್ ಆರ್. ಜಾನ್ಸನ್ ನಿರ್ದೇಶಿಸಿದರು, ಆನಿಮೇಷನ್ ಆರ್ಡ್‌ಮನ್ ಸ್ಟುಡಿಯೊ ಮತ್ತು ಕ್ವೇ ಸಹೋದರರದು. ಗಾಯಕನ ದೇಹವನ್ನೇ ಗೊಂಬೆಯಂತೆ ಸ್ವಲ್ಪ ಸ್ವಲ್ಪ ಅಲುಗಿಸಿ ಒಂದೊಂದು ಚೌಕಟ್ಟು ತೆಗೆಯುವ ವಿಧಾನ. ಸೆಕೆಂಡಿಗೆ 24 ಚೌಕಟ್ಟು ಎಂದರೂ ಹತ್ತು ಸೆಕೆಂಡಿಗೆ 240 ಸಲ ನಿಲ್ಲಿಸಿ, ಸರಿಸಿ, ತೆಗೆಯಬೇಕು. ಗೇಬ್ರಿಯಲ್ 16 ಗಂಟೆ ಗಾಜಿನ ಹಲಗೆಯ ಕೆಳಗೆ ಮಲಗಿದ್ದರು. ಗರಿ ಕಿತ್ತ ಎರಡು ಕೋಳಿಗಳನ್ನು ಕುಣಿಸಿದವರು ನಿಕ್ ಪಾರ್ಕ್. 1987ರ ಎಂಟಿವಿ ಸಮಾರಂಭದಲ್ಲಿ ಆ ವಿಡಿಯೊಗೆ ಒಂಬತ್ತು ಪ್ರಶಸ್ತಿ ಬಂತು. ವೇಷದ ಹಿಂದೆ ಅಡಗುತ್ತಿದ್ದ ಜೆನೆಸಿಸ್ ದಿನಗಳ ಗಾಯಕ ಇಲ್ಲಿ ತನ್ನ ಮುಖವನ್ನೇ ವೇಷವಾಗಿಸಿದ್ದಾನೆ.

ಎಲ್ಲಿ ಸಡಿಲ

‘ದ್ಯಾಟ್ ವಾಯ್ಸ್ ಅಗೇನ್’ ಚೆನ್ನಾಗಿ ಕಟ್ಟಿದ ಹಾಡು, ಆದರೆ ಯಾವುದೇ ಒಳ್ಳೆಯ ರಾಕ್ ಆಲ್ಬಮ್ಮಿನಲ್ಲಿ ಇರಬಹುದಾಗಿದ್ದಂಥದ್ದು. ‘ಬಿಗ್ ಟೈಮ್’ ಯಶಸ್ಸಿನ ಹುಚ್ಚನ್ನು ಗೇಲಿ ಮಾಡುತ್ತದೆ, ಬೇಸಿನ ಕುಶಲತೆ ಬಿಟ್ಟರೆ ‘ಸ್ಲೆಜ್‌ಹ್ಯಾಮರ್’ನ ತಮ್ಮನಂತೆ ಕೇಳುತ್ತದೆ. ಆದರೂ ಅಮೆರಿಕದಲ್ಲಿ ಅದು 8ನೇ ಸ್ಥಾನಕ್ಕೇರಿತು. ದೊಡ್ಡ ಪೆಟ್ಟು ಬಿದ್ದದ್ದು ಶಕುಹಾಚಿಗೆ. ಕಂಪನಿಯ ಡಿಸ್ಕಿನಲ್ಲೇ ಇದ್ದ ಸದ್ದಾದ್ದರಿಂದ ಯಂತ್ರ ಇದ್ದವರೆಲ್ಲ ಅದನ್ನು ಬಳಸಬಹುದಿತ್ತು, ಬಳಸಿದರು ಕೂಡ. ಮನು ಕಾಚೆಯ ಕೈಯನ್ನು ಯಾರೂ ನಕಲು ಮಾಡಲಾರರು, ಡಿಸ್ಕಿನ ಸದ್ದನ್ನು ಯಾರು ಬೇಕಾದರೂ ಮಾಡಬಹುದು. ಆಲ್ಬಮ್ಮಿನ ಬೇರೆಲ್ಲ ಹೊಸದಾಗಿ ಕೇಳುವಾಗಲೂ ಆ ಹದಿನೈದು ಸೆಕೆಂಡು ಮಾತ್ರ 1986ನ್ನು ಸಾರಿ ಹೇಳುತ್ತದೆ.

ಅದೇ ವರ್ಷ ಪಾಲ್ ಸೈಮನ್ ಅವರ ‘ಗ್ರೇಸ್‌ಲ್ಯಾಂಡ್’ ಬಂತು, ವರ್ಷದ ಆಲ್ಬಮ್ಮಿಗೆ ಕೊಡುವ ಗ್ರ್ಯಾಮಿಯಲ್ಲಿ ‘ಸೋ’ವನ್ನು ಹಿಂದಿಕ್ಕಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಸೈಮನ್ ದಕ್ಷಿಣ ಆಫ್ರಿಕದ ವಾದಕರ ಲಯವನ್ನೇ ನೆಲವಾಗಿಸಿ ಅದರ ಮೇಲೆ ತಮ್ಮ ಮಾತು ಇಟ್ಟರು. ಗೇಬ್ರಿಯಲ್ ನೆಲವನ್ನು ತಾವೇ ಹಾಕಿ ಅತಿಥಿಗಳಿಗೆ ಒಂದೊಂದು ಕೋಣೆ ಕೊಟ್ಟರು.

ಬ್ರಿಟನ್ನಿನ ಪಟ್ಟಿಯಲ್ಲಿ ‘ಸೋ’ ಮೊದಲ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಎರಡನೆಯದಕ್ಕೆ. ಅಲ್ಲಿ ಅದು ಐದು ಪಟ್ಟು ಪ್ಲಾಟಿನಂ, ಅಂದರೆ 50 ಲಕ್ಷ ಪ್ರತಿಗಳ ಮನ್ನಣೆ. ಕೈಗೆ ಬಂದ ಹಣ ವಿಲ್ಟ್‌ಶೈರ್‌ನ ಬಾಕ್ಸ್ ಎಂಬ ಹಳ್ಳಿಯಲ್ಲಿ ರಿಯಲ್ ವರ್ಲ್ಡ್ ಸ್ಟುಡಿಯೊ ಆಯಿತು. 1989ರಲ್ಲಿ ಅದೇ ಹೆಸರಿನ ಧ್ವನಿಮುದ್ರಣ ಕಂಪನಿಯೂ ಶುರುವಾಯಿತು. ಬಾಡಿಗೆ ಕೊಟ್ಟಿಗೆ ಹೋಗಿ ಬೇಕೆಂದಷ್ಟು ಯಂತ್ರ, ಬೇಕೆಂದಷ್ಟು ಸಮಯ ಇರುವ ಸ್ವಂತ ಜಾಗ ಬಂತು. ಚಲನಚಿತ್ರ, ಪ್ರದರ್ಶನಗಳಿಗೆ ಮಾಡಿದ ಸಂಗೀತ ಬಿಟ್ಟರೆ, ಅವರ ಹೊಸ ಹಾಡುಗಳ ಮುಂದಿನ ಆಲ್ಬಮ್ ‘ಅಸ್’ ಬಂದದ್ದು 1992ರಲ್ಲಿ, ಲನ್ವಾ ಮತ್ತೆ ಜೊತೆಗಿದ್ದಾಗ. ಅದರ ಮುಂದಿನದು ‘ಅಪ್’, 2002ರಲ್ಲಿ. ಅದಾದ ಮೇಲೆ ‘ಐ/ಓ’, 2023ರಲ್ಲಿ.